ಬೂಷ್ಟು ಹಿಡಿದ ಬ್ರೆಡ್ಡು ಯಾಕೆ ಔಷಧಿಯಲ್ಲ?

ಪ್ರಶ್ನೆ: ಪೆನಿಸಿಲಿನ್ ಬೂಷ್ಟಿನಿಂದ ಬಂತು ಎಂದು ಶಾಲೆಯಲ್ಲಿ ಓದಿದ್ದೇವೆ. ಹಾಗಿದ್ದರೆ ಹಳೆಯ ಬ್ರೆಡ್ಡಿನ ಮೇಲೆ ಏಳುವ ಹಸಿರು ಬೂಷ್ಟಿನಲ್ಲೂ ಅದು ಇರಬೇಕಲ್ಲ? ಅದನ್ನೇ ಗಾಯಕ್ಕೆ ಹಚ್ಚಿದರೆ ಆಗದೆ? ಕಾರ್ಖಾನೆಯಲ್ಲಿ ಇನ್ನೇನು ಮಾಡುತ್ತಾರೆ? ಬ್ಯಾಕ್ಟೀರಿಯಾವನ್ನು ಕೊಲ್ಲುವ ವಸ್ತು ನಮ್ಮ ಜೀವಕೋಶಗಳನ್ನು ಯಾಕೆ ಮುಟ್ಟುವುದಿಲ್ಲ?

ಉತ್ತರ: ಇರಬಹುದು, ಇಲ್ಲದೆಯೂ ಇರಬಹುದು. ಇದ್ದರೂ ಆ ಬ್ರೆಡ್ಡು ಹೋಗಬೇಕಾದದ್ದು ಕಸದ ಬುಟ್ಟಿಗೇ. ಮೊದಲು ಲೆಕ್ಕ ಹಾಕಿ ನೋಡೋಣ.

ಪೆನಿಸಿಲಿನ್ನನ್ನು ಯೂನಿಟ್‌ಗಳಲ್ಲಿ ಅಳೆಯುವ ರೂಢಿಯಿದೆ. ಶುದ್ಧ ಪೆನಿಸಿಲಿನ್-ಜಿ ಸೋಡಿಯಂ ಲವಣದ 0.6 ಮೈಕ್ರೊಗ್ರಾಂ ಅಂದರೆ ಒಂದು ಯೂನಿಟ್. ದೊಡ್ಡವರಿಗೆ ಕೊಡುವ ಒಂದು ಇಂಜೆಕ್ಷನ್ನಿನಲ್ಲಿ 10 ಲಕ್ಷ ಯೂನಿಟ್, ಅಂದರೆ 600 ಮಿಲಿಗ್ರಾಂ ಇರುತ್ತದೆ ಎಂದುಕೊಳ್ಳಿ. ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡ ಬೂಷ್ಟು ತಾನು ಬೆಳೆದ ದ್ರವದ ಒಂದು ಮಿಲಿಲೀಟರಿಗೆ ಬಿಡುತ್ತಿದ್ದದ್ದು ಸುಮಾರು 2 ಯೂನಿಟ್. ಆ ಲೆಕ್ಕದಲ್ಲಿ ಒಂದೇ ಒಂದು ಇಂಜೆಕ್ಷನ್ನಿಗೆ 500 ಲೀಟರ್ ದ್ರವ ಬೇಕು. ಅದೂ ಶುದ್ಧೀಕರಿಸುವಾಗ ಒಂದು ಹನಿಯೂ ನಷ್ಟವಾಗದಿದ್ದರೆ. ತೀವ್ರ ಸೋಂಕಿಗೆ ಇಂಥ ಇಂಜೆಕ್ಷನ್ ದಿನಕ್ಕೆ ಹಲವು ಸಲ, ಹಲವು ದಿನ ಬೇಕಾಗುತ್ತದೆ. ಬ್ರೆಡ್ಡಿನ ಮೇಲಿನ ಎರಡು ರೂಪಾಯಿ ಅಗಲದ ಹಸಿರು ಕಲೆ ಈ ಲೆಕ್ಕದಲ್ಲಿ ಎಲ್ಲೂ ನಿಲ್ಲುವುದಿಲ್ಲ.

ಇನ್ನು, ಅದು ಯಾವ ಬೂಷ್ಟು? ಹತ್ತಿಯಂತೆ ಹರಡಿ, ಗುಂಡುಸೂಜಿಯ ತಲೆಯಂಥ ಕಪ್ಪು ಚುಕ್ಕೆ ಬಿಡುವುದು ರೈಜೋಪಸ್. ಅದಕ್ಕೂ ಪೆನಿಸಿಲಿನ್ನಿಗೂ ಸಂಬಂಧವೇ ಇಲ್ಲ. ನೀಲಿ-ಹಸಿರು ಪುಡಿಯಂಥದ್ದು ಪೆನಿಸಿಲಿಯಂ ಆಗಿರಬಹುದು, ಆದರೆ ಆ ಕುಲದಲ್ಲಿ 300ಕ್ಕೂ ಹೆಚ್ಚು ಪ್ರಭೇದಗಳಿವೆ, ಪೆನಿಸಿಲಿನ್ ಮಾಡುವವು ಕೆಲವೇ. ಅದೇ ಕುಲದ ಬೇರೆ ಪ್ರಭೇದಗಳು ಪ್ಯಾಟುಲಿನ್, ಓಕ್ರಾಟಾಕ್ಸಿನ್‌ನಂಥ ವಿಷಗಳನ್ನು ತಯಾರಿಸುತ್ತವೆ. ಬರಿಗಣ್ಣಿಗೆ ಎಲ್ಲ ಒಂದೇ ಹಸಿರು. ಅದನ್ನು ತೆರೆದ ಗಾಯಕ್ಕೆ ಹಚ್ಚಿದರೆ ಔಷಧಿ ಸೇರದಿದ್ದರೂ ಬೀಜಾಣುಗಳು, ಬ್ರೆಡ್ಡಿನ ಮೇಲಿದ್ದ ಬ್ಯಾಕ್ಟೀರಿಯಾಗಳು ಖಂಡಿತ ಸೇರುತ್ತವೆ.

ಹಾಗಾದರೆ ಬೂಷ್ಟು ಇದನ್ನು ಯಾಕಾಗಿ ಮಾಡುತ್ತದೆ? ನೆರೆಯ ಸೂಕ್ಷ್ಮಜೀವಿಗಳ ಜೊತೆ ಜಾಗಕ್ಕೂ ಆಹಾರಕ್ಕೂ ಪೈಪೋಟಿ ಎಂಬುದು ಸಾಮಾನ್ಯ ವಿವರಣೆ. ಪ್ರಯೋಗಾಲಯದಲ್ಲಿ ಕಣ್ಣಿಗೆ ಬೀಳುವುದು ಇನ್ನೊಂದು ಸಂಗತಿ: ಹೊಟ್ಟೆ ತುಂಬಾ ಸಕ್ಕರೆ ಸಿಕ್ಕಾಗ ಬೂಷ್ಟು ಬೆಳೆಯುತ್ತದೆಯೇ ಹೊರತು ಪೆನಿಸಿಲಿನ್ ಮಾಡುವುದಿಲ್ಲ. ಸಕ್ಕರೆ ಕಡಿಮೆಯಾಗಿ ಬೆಳವಣಿಗೆ ಕುಂಟತೊಡಗಿದ ಮೇಲೇ ತಯಾರಿ ಶುರು. ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾಗಳದ್ದೂ ಇದೇ ಗುಣ, ಬೀಜಾಣು ಕಟ್ಟುವ ಹೊತ್ತಿಗೆ ಅವು ಪ್ರತಿಜೀವಕ (ಆಂಟಿಬಯೋಟಿಕ್) ಬಿಡುತ್ತವೆ. ಈ ಹಸಿವಿನ ಗುಟ್ಟು ಕಾರ್ಖಾನೆಯ ಮಾತು ಬಂದಾಗ ಮತ್ತೆ ಬರುತ್ತದೆ.

ಮೊದಲ ಮಳೆಗೆ ಏಳುವ ಮಣ್ಣಿನ ಘಮ ಗೊತ್ತಲ್ಲ, ಅದರ ಮುಖ್ಯ ಅಂಶವಾದ ಜಿಯೋಸ್ಮಿನ್ನನ್ನು ಮಾಡುವುದೂ ಬಹುಮಟ್ಟಿಗೆ ಇದೇ ಸ್ಟ್ರೆಪ್ಟೊಮೈಸಿಸ್ ಬಳಗ. ಹೆಸರಾಂತ ಪ್ರತಿಜೀವಕಗಳಲ್ಲಿ ಹೆಚ್ಚಿನವು ಬಂದದ್ದು ಬೂಷ್ಟಿನಿಂದಲ್ಲ, ಈ ಬಳಗದಿಂದ. 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಸೆಲ್ಮನ್ ವ್ಯಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಸ್ ಕಂಡ ಸ್ಟ್ರೆಪ್ಟೊಮೈಸಿನ್ ಕ್ಷಯದ ಮೇಲೆ ನಿಜವಾಗಿ ಕೆಲಸ ಮಾಡಿದ ಮೊದಲ ಪ್ರತಿಜೀವಕ. ಕ್ಲೋರ್‌ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್, ಎರಿಥ್ರೊಮೈಸಿನ್ ಅದೇ ಜಾಡಿನಲ್ಲಿ ಬಂದವು. ವ್ಯಾಂಕೊಮೈಸಿನ್ ಬೋರ್ನಿಯೊ ಮಣ್ಣಿನದು. ಸೆಫಲೊಸ್ಪೊರಿನ್ ಮಾತ್ರ ಮತ್ತೆ ಶಿಲೀಂಧ್ರದ್ದು: 1945ರಲ್ಲಿ ಸಾರ್ಡಿನಿಯಾದ ಕಾಲ್ಯಾರಿಯಲ್ಲಿ ಚರಂಡಿ ನೀರು ಸಮುದ್ರಕ್ಕೆ ಸೇರುವ ಜಾಗದಲ್ಲಿ ಜುಸೆಪ್ಪೆ ಬ್ರೊಟ್ಜು ಹಿಡಿದ ಬೂಷ್ಟು. ಸಲ್ಫಾ ಮತ್ತು ಸಿಪ್ರೊಫ್ಲಾಕ್ಸಸಿನ್ ಇರುವ ಕ್ವಿನೊಲೋನ್ ಗುಂಪು ಪೂರ್ತಿ ರಸಾಯನಶಾಸ್ತ್ರಜ್ಞರ ಕೈಕೆಲಸ, ಅವಕ್ಕೆ ಬೂಷ್ಟೂ ಇಲ್ಲ ಮಣ್ಣೂ ಇಲ್ಲ.

ಮಣ್ಣಿನಿಂದ ಇಂಥವನ್ನು ಹುಡುಕುವ ಕ್ರಮ ಕೇಳಲು ಸರಳ. ಮಣ್ಣನ್ನು ಕೆಲವು ದಿನ ನೆರಳಲ್ಲಿ ಒಣಗಿಸುತ್ತಾರೆ. ಬೇಗ ಬೆಳೆಯುವ ಸಾಧಾರಣ ಬ್ಯಾಕ್ಟೀರಿಯಾಗಳು ಸಾಕಷ್ಟು ಸಾಯುತ್ತವೆ, ಸ್ಟ್ರೆಪ್ಟೊಮೈಸಿಸ್ ಬೀಜಾಣುಗಳು ತಡೆದುಕೊಳ್ಳುತ್ತವೆ. ಒಂದು ಗ್ರಾಂ ಮಣ್ಣನ್ನು ಕ್ರಿಮಿಶುದ್ಧ ನೀರಿನಲ್ಲಿ ಕಲಕಿ, ಹತ್ತು ಹತ್ತು ಪಟ್ಟು ತೆಳುಮಾಡುತ್ತಾ ಹೋಗಿ, ಸಾವಿರ ಪಟ್ಟಿನಿಂದ ಲಕ್ಷ ಪಟ್ಟು ತೆಳುವಾದ ದ್ರವದಿಂದ 0.1 ಮಿಲಿಲೀಟರನ್ನು ಪಿಷ್ಟ ಮತ್ತು ಕೇಸಿನ್ (ಹಾಲಿನ ಪ್ರೋಟೀನ್) ಬೆರೆತ ಅಗರ್ ತಟ್ಟೆಯ, ಅಂದರೆ ಸೂಕ್ಷ್ಮಜೀವಿ ಬೆಳೆಸುವ ಗಟ್ಟಿ ಲೋಳೆಯ ತಟ್ಟೆಯ, ಮೇಲೆ ಹರಡುತ್ತಾರೆ. ಶಿಲೀಂಧ್ರ ತಟ್ಟೆಯನ್ನೆಲ್ಲ ನುಂಗದಂತೆ ಅಗರ್‌ನಲ್ಲಿ ಸೈಕ್ಲೊಹೆಕ್ಸಿಮೈಡ್ ಎಂಬ ಶಿಲೀಂಧ್ರನಾಶಕ ಇರುತ್ತದೆ. 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ವಾರ ಕಾಯಬೇಕು. ಸುಣ್ಣದ ಪುಡಿ ಉದುರಿದಂತೆ ಒಣಗಿ ಕಾಣುವ, ತಂತಿಯ ಲೂಪ್‌ನಿಂದ ಎಬ್ಬಿಸಲು ಹೋದರೆ ಅಗರ್‌ಗೆ ಕಚ್ಚಿಕೊಂಡು ಬಾರದ ಕಾಲೊನಿ ಕಂಡರೆ ಅದೇ ಬೇಕಾದದ್ದು. ಅದನ್ನು ಹೊಸ ತಟ್ಟೆಯ ನಡುವೆ ಒಂದು ಗೆರೆಯಾಗಿ ಎಳೆದು, ಐದಾರು ದಿನ ಬೆಳೆಸಿ, ಆಮೇಲೆ ಪರೀಕ್ಷೆಯ ಬ್ಯಾಕ್ಟೀರಿಯಾಗಳನ್ನು ಅಡ್ಡಗೆರೆಗಳಾಗಿ ಎಳೆಯುತ್ತಾರೆ. ನಡುಗೆರೆಯ ಹತ್ತಿರ ಬಂದಂತೆ ಅಡ್ಡಗೆರೆ ಬೆಳೆಯದೆ ಖಾಲಿ ಉಳಿದರೆ ಏನೋ ಇದೆ ಎಂದರ್ಥ.

ಆ ‘ಏನೋ’ ಬರೀ ಆಮ್ಲವೂ ಆಗಿರಬಹುದು, ಕಾಯುತ್ತಾ ಕಾಯುತ್ತಾ ಒಣಗಿದ ಅಗರ್‌ನ ಫಲವೂ ಇರಬಹುದು. ಅವೆರಡನ್ನೂ ದಾಟಿದರೆ ಎದುರಾಗುವುದು ಅಸಲಿ ತಲೆನೋವು, ಹಳೆಯದೇ ಮತ್ತೆ ಸಿಗುವುದು. ಮಣ್ಣಿನ ಇಂಥ ಬ್ಯಾಕ್ಟೀರಿಯಾಗಳಲ್ಲಿ ಸುಮಾರು ನೂರಕ್ಕೊಂದು ಸ್ಟ್ರೆಪ್ಟೊಮೈಸಿನ್ನನ್ನೇ ಮಾಡುತ್ತದೆ. ಜೊತೆಗೆ ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ತಟ್ಟೆಯ ಮೇಲೆ ಬೆಳೆಯುವುದೇ ಇಲ್ಲ. 2015ರಲ್ಲಿ ಪ್ರಕಟವಾದ ಟೀಕ್ಸೊಬ್ಯಾಕ್ಟಿನ್ ಸಿಕ್ಕಿದ್ದು ಬ್ಯಾಕ್ಟೀರಿಯಾವನ್ನು ತಟ್ಟೆಗೆ ತರುವ ಬದಲು, ಪುಟ್ಟ ಗೂಡುಗಳಿರುವ ಸಾಧನದಲ್ಲಿಟ್ಟು ಮಣ್ಣಿನೊಳಗೇ ಬೆಳೆಸಿದ್ದರಿಂದ.

ಈಗ ಫ್ಲೆಮಿಂಗ್ ಅವರ ತಟ್ಟೆಗೆ ಬರೋಣ. 1928ರ ಸೆಪ್ಟೆಂಬರ್, ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆ. ಸ್ಟೆಫೈಲೊಕಾಕಸ್ ತಟ್ಟೆಯ ಅಂಚಿನಲ್ಲಿ ಬೂಷ್ಟು, ಅದರ ಸುತ್ತ ಬ್ಯಾಕ್ಟೀರಿಯಾ ಕರಗಿ ತೆಳುವಾಗಿವೆ. ಈ ಕಥೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಚೆನ್ನಾಗಿ ಬೆಳೆದು ನಿಂತ ಸ್ಟೆಫೈಲೊಕಾಕಸ್ ತಟ್ಟೆಗೆ ಬೂಷ್ಟು ಇಟ್ಟು ನೋಡಿದರೆ ಅಂಥದ್ದೇನೂ ಆಗುವುದಿಲ್ಲ. ಬೂಷ್ಟು ಮೊದಲು ತಂಪಿನಲ್ಲಿ, 20 ಡಿಗ್ರಿಯ ಆಸುಪಾಸಿನಲ್ಲಿ ಬೆಳೆದು ಪೆನಿಸಿಲಿನ್ ಬಿಟ್ಟಿರಬೇಕು, ಬ್ಯಾಕ್ಟೀರಿಯಾ ಆಮೇಲೆ ಬೆಳೆಯತೊಡಗಬೇಕು. ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನಷ್ಟೇ ಪೆನಿಸಿಲಿನ್ ಕೊಲ್ಲುತ್ತದೆ. ಕಾರಣ ಮುಂದೆ ಹೇಳುತ್ತೇನೆ.

ಫ್ಲೆಮಿಂಗ್ ಅದನ್ನು ಶುದ್ಧೀಕರಿಸಲಾಗದೆ ಬಿಟ್ಟರು ಎನ್ನುವುದು ಸೋಮಾರಿತನದ ಕಥೆಯಲ್ಲ. ಪೆನಿಸಿಲಿನ್ ಅಣುವಿನ ನಡುವೆ ನಾಲ್ಕೇ ಪರಮಾಣುಗಳ ಒಂದು ಉಂಗುರವಿದೆ, ಬೀಟಾ-ಲ್ಯಾಕ್ಟಮ್ ಉಂಗುರ. ನಾಲ್ಕು ಪರಮಾಣುಗಳನ್ನು ಬಲವಂತವಾಗಿ ಚೌಕಕ್ಕೆ ಕೂರಿಸಿದ್ದರಿಂದ ಅದು ಬಗ್ಗಿಸಿ ಕಟ್ಟಿದ ಬಿದಿರಿನಂತೆ ಸದಾ ಬಿಚ್ಚಿಕೊಳ್ಳಲು ಹವಣಿಸುತ್ತಿರುತ್ತದೆ. ಆಮ್ಲ ತಗುಲಿದರೆ ಬಿಚ್ಚುತ್ತದೆ, ಕ್ಷಾರ ತಗುಲಿದರೆ ಬಿಚ್ಚುತ್ತದೆ, ಬಿಸಿಗೂ ಬಿಚ್ಚುತ್ತದೆ. ಬಿಚ್ಚಿದ ಮೇಲೆ ಅದು ಔಷಧಿಯಲ್ಲ. ಈ ಉಂಗುರ ಇದೆಯೆಂದು ಖಚಿತವಾದದ್ದೇ 1945ರಲ್ಲಿ, ಡೊರೊಥಿ ಹಾಡ್ಜ್‌ಕಿನ್ ಎಕ್ಸ್-ರೇ ಸ್ಫಟಿಕ ವಿಧಾನದಿಂದ ರಚನೆ ಬಿಡಿಸಿದಾಗ.

ಆಕ್ಸ್‌ಫರ್ಡಿನಲ್ಲಿ ಹೊವರ್ಡ್ ಫ್ಲೋರಿ, ಅರ್ನ್ಸ್ಟ್ ಚೇನ್ ತಂಡದ ನಾರ್ಮನ್ ಹೀಟ್ಲಿ ಕಂಡುಕೊಂಡ ಉಪಾಯ ನನ್ನ ಮಟ್ಟಿಗೆ ಇಡೀ ಚರಿತ್ರೆಯ ಅತಿ ಚೆಂದದ ಭಾಗ. ಪೆನಿಸಿಲಿನ್ ಒಂದು ದುರ್ಬಲ ಆಮ್ಲ. ದ್ರವವನ್ನು ಆಮ್ಲೀಯ ಮಾಡಿದರೆ ಅದು ವಿದ್ಯುದಂಶ ಕಳೆದುಕೊಂಡು ನೀರು ಬಿಟ್ಟು ಈಥರ್‌ನಂಥ ದ್ರಾವಕಕ್ಕೆ ಜಿಗಿಯುತ್ತದೆ. ಅಲ್ಲಿಂದ ಬೇಗ ಹೊರತರಬೇಕು. ಅದೇ ಈಥರನ್ನು ತುಸು ಕ್ಷಾರೀಯ ನೀರಿನೊಡನೆ ಕುಲುಕಿದರೆ ಪೆನಿಸಿಲಿನ್ ಮರಳಿ ನೀರಿಗೆ ಬರುತ್ತದೆ, ಕಲ್ಮಶಗಳ ದೊಡ್ಡ ಪಾಲು ಹಿಂದೆ ಉಳಿಯುತ್ತದೆ. ಎಲ್ಲವೂ ತಣ್ಣಗೆ, ಎಲ್ಲವೂ ಅವಸರದಲ್ಲಿ. 1940ರ ಮೇ 25ರಂದು ಎಂಟು ಇಲಿಗಳಿಗೆ ಮಾರಕ ಪ್ರಮಾಣದ ಸ್ಟ್ರೆಪ್ಟೊಕಾಕಸ್ ಚುಚ್ಚಿದರು. ಮರುದಿನ ಬೆಳಗಾಗುವಷ್ಟರಲ್ಲಿ ಪೆನಿಸಿಲಿನ್ ಪಡೆಯದ ನಾಲ್ಕು ಸತ್ತಿದ್ದವು, ಪಡೆದ ನಾಲ್ಕೂ ಬದುಕಿದ್ದವು. ಮರುವರ್ಷ ಫೆಬ್ರವರಿಯಲ್ಲಿ ಪೊಲೀಸ್ ಪೇದೆ ಆಲ್ಬರ್ಟ್ ಅಲೆಕ್ಸಾಂಡರ್ ಅವರಿಗೆ ಕೊಟ್ಟಾಗ ಸೋಂಕು ಇಳಿಯಿತು. ಆದರೆ ಔಷಧಿ ಮುಗಿಯಿತು. ಅವರ ಮೂತ್ರದಿಂದ ಪೆನಿಸಿಲಿನ್ ಬೇರ್ಪಡಿಸಿ ಮತ್ತೆ ಅವರಿಗೇ ಕೊಟ್ಟರೂ ಸಾಲದೆ ಮಾರ್ಚ್‌ನಲ್ಲಿ ತೀರಿಕೊಂಡರು. ಮೂತ್ರಪಿಂಡ ಪೆನಿಸಿಲಿನ್-ಜಿಯನ್ನು ಅಷ್ಟು ಚುರುಕಾಗಿ ಹೊರಹಾಕುತ್ತದೆ, ರಕ್ತದಲ್ಲಿ ಅದರ ಅರ್ಧಾಯುಷ್ಯ ಬರೀ ಅರ್ಧ ಗಂಟೆ.

ಆ 500 ಲೀಟರ್ ಕಡಿಮೆಯಾದದ್ದು ಅಮೆರಿಕದ ಪಿಯೊರಿಯಾದಲ್ಲಿ. ಮೆಕ್ಕೆಜೋಳದಿಂದ ಪಿಷ್ಟ ತೆಗೆಯುವಾಗ ಉಳಿಯುವ ನೆನೆಹಾಕಿದ ನೀರನ್ನು, ಕಾರ್ನ್ ಸ್ಟೀಪ್ ಲಿಕ್ಕರನ್ನು, ಬೂಷ್ಟಿಗೆ ಉಣಿಸಿದಾಗ ಇಳುವರಿ ಹಲವು ಪಟ್ಟು ಏರಿತು. ಗ್ಲುಕೋಸ್ ಬದಲು ಬೂಷ್ಟಿಗೆ ನಿಧಾನವಾಗಿ ಜೀರ್ಣವಾಗುವ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಕೊಟ್ಟರು, ಮೇಲೆ ಹೇಳಿದ ಹಸಿವು ಹಾಗೆ ಉಳಿಯಿತು. 1943ರಲ್ಲಿ ಬೂಷ್ಟು ಹಿಡಿದ ಒಂದು ಕರಬೂಜ ಹಣ್ಣಿನಿಂದ ಸಿಕ್ಕ ಪೆನಿಸಿಲಿಯಂ ತಳಿ ಎನ್‌ಆರ್‌ಆರ್‌ಎಲ್ 1951. ಅದಕ್ಕೆ ಎಕ್ಸ್-ರೇ, ಅತಿನೇರಳೆ ಕಿರಣ ಹಾಯಿಸಿ, ಸಾವಿರಾರು ಮರಿತಳಿಗಳಲ್ಲಿ ಹೆಚ್ಚು ಕೊಡುವುದನ್ನು ಆರಿಸುತ್ತಾ ಹೋದರು. ಇಂದಿನ ಕಾರ್ಖಾನೆ ತಳಿಗಳು ಲೀಟರಿಗೆ 50 ಗ್ರಾಂ ಮಟ್ಟ ಮುಟ್ಟಿವೆ. ಅದೇ 600 ಮಿಲಿಗ್ರಾಂ ಇಂಜೆಕ್ಷನ್ನಿಗೆ ಈಗ ಬೇಕಾದ ದ್ರವ 12 ಮಿಲಿಲೀಟರ್, ಎರಡೂವರೆ ಟೀ ಚಮಚ!

ಕಾರ್ಖಾನೆಯಲ್ಲಿ ಒಣಗಿಸಿ ಜೋಪಾನ ಮಾಡಿದ ಬೀಜಾಣುಗಳಿಂದ ಶುರು. ಫ್ಲಾಸ್ಕ್, ಸಣ್ಣ ತೊಟ್ಟಿ, ಅದಕ್ಕಿಂತ ದೊಡ್ಡ ತೊಟ್ಟಿ ಹೀಗೆ ಬೆಳೆಸಿಕೊಂಡು ಕೊನೆಗೆ ಲಕ್ಷ ಲೀಟರ್ ಹಿಡಿಯುವ ಸ್ಟೀಲ್ ಫರ್ಮೆಂಟರಿಗೆ ಇಳಿಸುತ್ತಾರೆ. ಒಳಗಿನ ಪೋಷಕ ದ್ರವವನ್ನು ಮೊದಲೇ ಉಗಿಯಿಂದ 121 ಡಿಗ್ರಿಗೆ ಕಾಯಿಸಿ ಕ್ರಿಮಿಶುದ್ಧ ಮಾಡಿರುತ್ತಾರೆ. ಆಮೇಲೆ ಉಷ್ಣತೆ 25-26 ಡಿಗ್ರಿ, ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 6.5ರ ಸುತ್ತಮುತ್ತ. ಈಗ ದುಬಾರಿ ಲ್ಯಾಕ್ಟೋಸ್ ಬೇಡ, ಗ್ಲುಕೋಸನ್ನೇ ಹನಿಹನಿಯಾಗಿ ಬಿಡುತ್ತಾರೆ. ಜಾಸ್ತಿ ಬಿಟ್ಟರೆ ಬೂಷ್ಟು ಕೊಬ್ಬುತ್ತದೆ, ಪೆನಿಸಿಲಿನ್ ನಿಲ್ಲುತ್ತದೆ. ಕಡಿಮೆ ಬಿಟ್ಟರೆ ಎಳೆಗಳು ಸಾಯತೊಡಗುತ್ತವೆ. ಜೊತೆಗೆ ಫಿನೈಲ್ ಅಸಿಟಿಕ್ ಆಮ್ಲ ಉಣಿಸಬೇಕು, ಪೆನಿಸಿಲಿನ್-ಜಿಯ ಬಾಲ, ಅಂದರೆ ಉಂಗುರದ ತಿರುಳಿಗೆ ಅಂಟಿದ ಕವಲು, ಅದರಿಂದಲೇ ಆಗುವುದು. ಕೊಡದಿದ್ದರೆ ಹಲವು ಬಗೆಯ ಪೆನಿಸಿಲಿನ್‌ಗಳ ಕಲಬೆರಕೆ ಬರುತ್ತದೆ. ಅತಿಯಾದರೆ ಬೂಷ್ಟಿಗೆ ಅದೇ ವಿಷ.

ಎಲ್ಲಕ್ಕಿಂತ ಕಷ್ಟದ್ದು ಗಾಳಿ. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಹಿಡಿದಿಡುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ. ದಟ್ಟವಾಗಿ ಬೆಳೆದ ಬೂಷ್ಟು ಅದನ್ನು ಮುಗಿಸಲು ಒಂದು ನಿಮಿಷವೂ ಬೇಡ. ಹಾಗಾಗಿ ದ್ರವದ ಗಾತ್ರದಷ್ಟೇ, ಇಲ್ಲವೇ ಅದರ ಅರ್ಧದಷ್ಟು ಗಾಳಿಯನ್ನು ಪ್ರತಿ ನಿಮಿಷ, ಸೋಸಿ, ಕೆಳಗಿನಿಂದ ನುಗ್ಗಿಸುತ್ತಾರೆ. ಬೂಷ್ಟಿನ ಎಳೆಗಳು ಹೆಣೆದುಕೊಂಡು ದ್ರವ ಅಂಬಲಿಯಂತೆ ಗಟ್ಟಿಯಾದಾಗ ಗುಳ್ಳೆಗಳು ಒಡೆಯದೆ ಮೇಲೆ ತೇಲಿಹೋಗುತ್ತವೆ. ಅಲಗುಗಳನ್ನು ಜೋರಾಗಿ ತಿರುಗಿಸಿದರೆ ಎಳೆ ತುಂಡಾಗುತ್ತದೆ, ತೊಟ್ಟಿ ಬಿಸಿಯಾಗುತ್ತದೆ, ನೊರೆ ಉಕ್ಕುತ್ತದೆ. ನೊರೆ ಅಡಗಿಸಲು ಎಣ್ಣೆ ಹಾಕಿದರೆ ಆಮ್ಲಜನಕ ಕರಗುವುದು ಕಡಿಮೆಯಾಗುತ್ತದೆ. ಐದರಿಂದ ಎಂಟು ದಿನ ಈ ಜಗ್ಗಾಟ. ಇದರ ನಡುವೆ ಎಲ್ಲೋ ಒಂದು ವಾಲ್ವ್ ಸೋರಿ, ಆ ಉಂಗುರವನ್ನು ಒಡೆಯುವ ಬೀಟಾ-ಲ್ಯಾಕ್ಟಮೇಸ್ ಕಿಣ್ವ ಮಾಡುವ ಬ್ಯಾಕ್ಟೀರಿಯಾ ಒಳಹೊಕ್ಕರೆ ಇಡೀ ತೊಟ್ಟಿಯ ಪೆನಿಸಿಲಿನ್ ಹಾಳು.

ದ್ರವ ಸೋಸಿದ ನಂತರ ನಡೆಯುವುದು ಹೀಟ್ಲಿ ಕಂಡ ಆಟವೇ. 2-4 ಡಿಗ್ರಿಗೆ ತಣಿಸಿ, ಗಂಧಕಾಮ್ಲದಿಂದ ಪಿಎಚ್ 2-2.5ಕ್ಕೆ ಇಳಿಸಿ, ರಭಸದಿಂದ ತಿರುಗುವ ಯಂತ್ರದಲ್ಲಿ ಬ್ಯುಟೈಲ್ ಅಸಿಟೇಟ್‌ಗೆ ಸೆಳೆಯುತ್ತಾರೆ. ಆ ಪಿಎಚ್‌ನಲ್ಲಿ ಕೋಣೆಯ ಉಷ್ಣತೆಯೇ ಇದ್ದರೆ ನಿಮಿಷಗಳಲ್ಲಿ ದೊಡ್ಡ ಪಾಲು ಕೈತಪ್ಪುತ್ತದೆ. ಮರಳಿ ನೀರಿಗೆ ತಂದು, ಇದ್ದಿಲಿನಿಂದ ಬಣ್ಣ ತೆಗೆದು, ಪೊಟ್ಯಾಸಿಯಂ ಲವಣವಾಗಿ ಹರಳುಗಟ್ಟಿಸುತ್ತಾರೆ. ಇದರ ಬಹುಭಾಗ ಇಂಜೆಕ್ಷನ್ ಆಗುವುದಿಲ್ಲ. ಕಿಣ್ವದಿಂದ ಬಾಲ ಕತ್ತರಿಸಿ 6-ಎಪಿಎ ಎಂಬ ತಿರುಳು ತೆಗೆದು, ಬೇರೆ ಬಾಲ ಅಂಟಿಸಿದರೆ ಆಂಪಿಸಿಲಿನ್, ಅಮಾಕ್ಸಿಸಿಲಿನ್. ಇವು ಹೊಟ್ಟೆಯ ಆಮ್ಲವನ್ನು ತಾಳಿಕೊಳ್ಳುವುದರಿಂದ ಕ್ಯಾಪ್ಸೂಲಾಗಿ ನುಂಗಬಹುದು.

ಇನ್ನು ಕೊಲ್ಲುವ ಬಗೆ. ಬ್ಯಾಕ್ಟೀರಿಯಾದ ಸುತ್ತ ಪೆಪ್ಟಿಡೊಗ್ಲೈಕನ್ ಎಂಬ ಬಲೆಯ ಗೋಡೆಯಿದೆ. ಸ್ಟೆಫೈಲೊಕಾಕಸ್ ಒಳಗಿನ ಒತ್ತಡ 20 ವಾಯುಭಾರದಷ್ಟಿರಬಹುದು, ಬಲೆ ಇಲ್ಲದಿದ್ದರೆ ಒಡೆದೇ ಹೋಗುತ್ತದೆ. ಬೆಳೆಯಬೇಕಾದರೆ ಬ್ಯಾಕ್ಟೀರಿಯಾ ತನ್ನ ಬಲೆಯನ್ನು ತಾನೇ ಅಲ್ಲಲ್ಲಿ ಕತ್ತರಿಸಿ, ಹೊಸ ಎಳೆ ಸೇರಿಸಿ, ಗಂಟು ಹಾಕುತ್ತಿರಬೇಕು. ಗಂಟು ಹಾಕುವ ಕಿಣ್ವ ಹುಡುಕುವುದು ಎಳೆಯ ತುದಿಯಲ್ಲಿ ಜೋಡಿಯಾಗಿರುವ ಎರಡು ಡಿ-ಅಲನಿನ್‌ಗಳನ್ನು. ಪೆನಿಸಿಲಿನ್ನಿನ ಆಕಾರ ಹೆಚ್ಚುಕಡಿಮೆ ಹಾಗೆಯೇ. ಕಿಣ್ವ ಮೋಸಹೋಗಿ ಅದನ್ನು ಹಿಡಿಯುತ್ತದೆ, ಬಗ್ಗಿಸಿ ಕಟ್ಟಿದ್ದ ಆ ಉಂಗುರ ಪಟ್ಟನೆ ಬಿಚ್ಚಿ ಕಿಣ್ವಕ್ಕೆ ಅಂಟಿಕೊಳ್ಳುತ್ತದೆ, ಬಿಡುವುದಿಲ್ಲ. ಗಂಟು ಹಾಕುವವರು ನಿಂತರು, ಕತ್ತರಿ ಮಾತ್ರ ನಡೆದೇ ಇದೆ. ಗೋಡೆ ತೂತಾಗಿ ಬ್ಯಾಕ್ಟೀರಿಯಾ ಸಿಡಿಯುತ್ತದೆ. ಬೆಳೆಯದೆ ಸುಮ್ಮನಿರುವ ಬ್ಯಾಕ್ಟೀರಿಯಾದಲ್ಲಿ ಕತ್ತರಿಯೂ ಸುಮ್ಮನಿರುತ್ತದೆ, ಅದಕ್ಕೇ ಅದು ಉಳಿಯುವುದು. ಬೆಳವಣಿಗೆಯನ್ನು ತಡೆಹಿಡಿಯುವ ಟೆಟ್ರಾಸೈಕ್ಲಿನ್ ಜೊತೆ ಕೊಟ್ಟರೆ ಪೆನಿಸಿಲಿನ್ ಮೊಂಡಾಗಬಹುದಾದದ್ದೂ ಇದೇ ಕಾರಣಕ್ಕೆ.

ನಮ್ಮ ಜೀವಕೋಶಕ್ಕೆ ಅಂಥ ಗೋಡೆಯೇ ಇಲ್ಲ, ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಅಷ್ಟೇ. ಗೋಡೆಯಿಲ್ಲದ ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೂ, ಜೀವಕೋಶವೇ ಅಲ್ಲದ ವೈರಸ್‌ಗೂ ಪೆನಿಸಿಲಿನ್ ಏನೂ ಮಾಡಲಾರದು. ಆದರೆ ಎಲ್ಲ ಪ್ರತಿಜೀವಕಗಳೂ ಇಷ್ಟು ಸಭ್ಯವಲ್ಲ. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಎರಿಥ್ರೊಮೈಸಿನ್, ಕ್ಲೋರಾಂಫೆನಿಕಾಲ್ ಬ್ಯಾಕ್ಟೀರಿಯಾದ ರೈಬೋಸೋಮನ್ನು, ಅಂದರೆ ಪ್ರೋಟೀನ್ ಹೆಣೆಯುವ ಯಂತ್ರವನ್ನು, ಕೆಡಿಸುತ್ತವೆ. ನಮಗೂ ರೈಬೋಸೋಮ್ ಇದೆ, ರಚನೆ ಬೇರೆ. ಆದರೆ ನಮ್ಮ ಮೈಟೊಕಾಂಡ್ರಿಯಾದೊಳಗಿನವು ಬ್ಯಾಕ್ಟೀರಿಯಾದ್ದನ್ನೇ ಹೋಲುತ್ತವೆ. ಸ್ಟ್ರೆಪ್ಟೊಮೈಸಿನ್ ಕಿವಿಗೂ ಕ್ಲೋರಾಂಫೆನಿಕಾಲ್ ಅಸ್ಥಿಮಜ್ಜೆಗೂ ತೊಂದರೆ ಕೊಡುವುದರ ಹಿಂದೆ ಈ ಹೋಲಿಕೆಯ ಪಾತ್ರವಿದೆ.

ಪೆನಿಸಿಲಿನ್ನಿನ ಸಭ್ಯತೆಗೂ ಮಿತಿಯಿದೆ. ಬಿಚ್ಚಿಕೊಳ್ಳಲು ಕಾದಿರುವ ಉಂಗುರ ನಮ್ಮ ರಕ್ತದ ಪ್ರೋಟೀನುಗಳಿಗೂ ಅಂಟಬಲ್ಲದು. ಕೆಲವರ ದೇಹ ಆ ಅಂಟಿದ ಪ್ರೋಟೀನನ್ನು ಶತ್ರುವೆಂದು ಗುರುತಿಸುತ್ತದೆ, ಪೆನಿಸಿಲಿನ್ ಅಲರ್ಜಿ ಹುಟ್ಟುವುದು ಹಾಗೆ. ಬ್ಯಾಕ್ಟೀರಿಯಾಗಳು ತಿರುಗಿಬೀಳುವುದೂ ಅಲ್ಲೇ. ಪೆನಿಸಿಲಿನ್ ಇನ್ನೂ ಬಳಕೆಯ ಮದ್ದಾಗಿರದಿದ್ದ 1940ರಲ್ಲೇ ಎಡ್ವರ್ಡ್ ಅಬ್ರಹಾಂ ಮತ್ತು ಚೇನ್, ಉಂಗುರವನ್ನು ನೀರು ಸೇರಿಸಿ ಒಡೆಯುವ ಕಿಣ್ವವನ್ನು ಬ್ಯಾಕ್ಟೀರಿಯಾದಲ್ಲಿ ಕಂಡಿದ್ದರು. 30,000 ವರ್ಷ ಹೆಪ್ಪುಗಟ್ಟಿದ್ದ ಮಣ್ಣಿನಲ್ಲೂ ಇಂಥ ಪ್ರತಿರೋಧದ ಜೀನ್‌ಗಳು ಸಿಕ್ಕಿವೆ. ನಾವು ಹೊಸದಾಗಿ ಹುಟ್ಟುಹಾಕಿದ್ದಲ್ಲ ಅದು, ಅಗತ್ಯವಿಲ್ಲದ ಕಡೆಯೆಲ್ಲ ಔಷಧಿ ಸುರಿದು ಅಂಥ ಬ್ಯಾಕ್ಟೀರಿಯಾಗಳಿಗೆ ಬಯಲು ಖಾಲಿ ಮಾಡಿಕೊಟ್ಟಿದ್ದೇವೆ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲಾನಿಕ್ ಆಮ್ಲ ಬೆರೆಸುವುದು ಆ ಕಿಣ್ವಕ್ಕೆ ಒಡ್ಡುವ ಗಾಳ. ಇದೂ ಬೀಟಾ-ಲ್ಯಾಕ್ಟಮ್ ಉಂಗುರವೇ, ಇದೂ ಒಂದು ಸ್ಟ್ರೆಪ್ಟೊಮೈಸಿಸ್‌ನದ್ದೇ. ತಾನು ಹೆಚ್ಚೇನೂ ಕೊಲ್ಲುವುದಿಲ್ಲ. ಕಿಣ್ವ ಇದನ್ನು ಒಡೆಯಲು ಹೋಗಿ ಸಿಕ್ಕಿಹಾಕಿಕೊಂಡಾಗ ಅಮಾಕ್ಸಿಸಿಲಿನ್ ತನ್ನ ಕೆಲಸ ಮುಗಿಸುತ್ತದೆ.

ಮಕ್ಕಳ ಅಮಾಕ್ಸಿಸಿಲಿನ್ ಸಿರಪ್ ಬಾಟಲಿಯಲ್ಲಿ ಪುಡಿಯಾಗಿ ಬರುವುದನ್ನು ನೋಡಿರುತ್ತೀರಿ. ಒಣಗಿದ್ದಷ್ಟು ಕಾಲ ಉಂಗುರ ಭದ್ರ, ನೀರು ಬಿದ್ದ ಕ್ಷಣದಿಂದ ಒಂದೊಂದಾಗಿ ಬಿಚ್ಚತೊಡಗುತ್ತದೆ. ಅದಕ್ಕೇ ಕೊಡುವ ದಿನವೇ, ಕಾಯಿಸಿ ಪೂರ್ತಿ ಆರಿಸಿದ ನೀರನ್ನು ಬಾಟಲಿಯ ಗೆರೆಯವರೆಗೆ ಹಾಕಿ ಕುಲುಕಬೇಕು, ಪ್ರತಿ ಸಲ ಕೊಡುವ ಮುಂಚೆಯೂ ಕುಲುಕಬೇಕು. ಬಿಸಿನೀರು ಹಾಕಬಾರದು. ಲೇಬಲ್ಲಿನಲ್ಲಿ ಬರೆದಷ್ಟು ದಿನ, ಸಾಮಾನ್ಯವಾಗಿ ಒಂದೆರಡು ವಾರ ದಾಟಿದ ಮೇಲೆ ಉಳಿದದ್ದನ್ನು ಮುಂದಿನ ಜ್ವರಕ್ಕೆಂದು ಎತ್ತಿಡಬಾರದು. ಬಣ್ಣ, ಸಿಹಿ, ವಾಸನೆ ಎಲ್ಲ ಹಾಗೇ ಇರುತ್ತದೆ, ಬಿಚ್ಚಿಹೋದ ಉಂಗುರ ಮಾತ್ರ ಕಣ್ಣಿಗೆ ಕಾಣುವುದಿಲ್ಲ.